ಪೇಷೆಂಟ್ ಕಡೆಯವರು

ಆ ದಿನಗಳಲ್ಲಿ ನಾನು ನಿದ್ದೆಯಲ್ಲಿ ಬಹಳ ನಡೆಯುತ್ತಿದ್ದೆ. ಎಚ್ಚರವಿದ್ದಾಗ ಸೊಂಟದಿಂದ ಕೆಳಗೆ ಏನೂ ಅಲುಗಾಡುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಹೊರಟುಬಿಡುತ್ತಿದ್ದೆ. ಹೆಚ್ಚಾಗಿ ಹೋಗುತ್ತಿದ್ದದ್ದು ಹೆಂಡತಿಯ ತವರಿನ ಕಡೆಗೆ. ಅಂತರಸಂತೆಯಿಂದ ಆಚೆ, ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ ಒಂದು ದೊಡ್ಡ ಬಯಲು ಹೊರಬರುತ್ತದೆ. ನೀರು ಬಿಟ್ಟುಹೋದ ಮಣ್ಣಿನ ಮೇಲೆ ಎಳೆ ಹುಲ್ಲು ಚಿಗುರಿರುತ್ತದೆ, ಯಾವ ಕಾಲದಲ್ಲೋ ಮುಳುಗಿದ್ದ ಮರದ ಬೊಡ್ಡೆಗಳು ಅಲ್ಲಲ್ಲಿ ಕಪ್ಪಗೆ ನಿಂತಿರುತ್ತವೆ. ಕನಸಿನಲ್ಲಿ ಅಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದೆ. ಹಿಮ್ಮಡಿ ತಣ್ಣನೆಯ ಮಣ್ಣಿನಲ್ಲಿ ಇಳಿಯುವುದು, ಬೆರಳ ಸಂದಿಯಲ್ಲಿ ಕೆಸರು ಮೇಲೇಳುವುದು, ಎಲ್ಲವೂ ಗೊತ್ತಾಗುತ್ತಿತ್ತು. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಕಾಲು ಒದ್ದೆಯಾಗಿದೆ ಎಂದೇ ಅನ್ನಿಸುತ್ತಿತ್ತು. ಹೆಂಡತಿಯನ್ನು ಕರೆದು ಒರೆಸು ಎನ್ನುತ್ತಿದ್ದೆ. ಅವಳು ಏನೂ ಕೇಳದೆ ಒಣಗಿದ ಕಾಲನ್ನೇ ಟವಲಿನಿಂದ ಒರೆಸಿ ಒಳಗೆ ಹೋಗುತ್ತಿದ್ದಳು.

ನಮ್ಮೂರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ದೊಡ್ಡ ರಸ್ತೆಯಿಂದ ಒಳಗಿದೆ. ಹೊಗೆಸೊಪ್ಪು ಬೆಳೆಯುವ ಊರು. ಹಸಿ ಸೊಪ್ಪನ್ನು ಮುರಿದು ತಂದು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ ಕಾವಿನಲ್ಲಿ ಬೇಯಿಸುತ್ತೇವೆ. ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಮನೆ. ಒಳಗೆ ಗೋಡೆಯಿಂದ ಗೋಡೆಗೆ, ನೆಲದಿಂದ ಸೂರಿನವರೆಗೆ ಅಡ್ಡ ಮರಗಳಿರುತ್ತವೆ. ಎರಡು ಮರಗಳ ಮೇಲೆ ಒಂದೊಂದು ಕಾಲಿಟ್ಟು ನಿಂತು, ಕೆಳಗಿನವರು ಚಾಚಿದ ಕಡ್ಡಿಯನ್ನು ಮೇಲಕ್ಕೆ ದಾಟಿಸಬೇಕು. ಹುಡುಗನಾಗಿದ್ದಾಗಿನಿಂದ ಮಾಡಿದ ಕೆಲಸ. ಅವತ್ತು ಶ್ರಾವಣದ ಮಳೆ ಹಿಡಿದಿತ್ತು, ಸೊಪ್ಪು ಒದ್ದೆಯಾಗಿತ್ತು, ಮರವೂ ಜಾರುತ್ತಿತ್ತು. ಬಿದ್ದದ್ದು ನೆನಪಿಲ್ಲ. ಬಿದ್ದಲ್ಲಿಂದ ಮೇಲೆ ನೋಡಿದರೆ ನೇತುಬಿದ್ದ ಹಸಿರು ಎಲೆಗಳು ಮೆಲ್ಲಗೆ ತೂಗಾಡುತ್ತಿದ್ದವು, ಎಷ್ಟು ಚೆನ್ನಾಗಿದೆ ಅಂದುಕೊಂಡೆ. ನೋವು ಸ್ವಲ್ಪವೂ ಇರಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಒಂದು ಕೂಗು. "ಪೇಷೆಂಟ್ ಕಡೆಯವರು ಯಾರು?" ದಿನಾ ಯಾರಾದರೂ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ಅಕ್ಕನ ಗಂಡ, ನಮ್ಮ ಭಾವ, ಪಂಚೆ ಸರಿಮಾಡಿಕೊಂಡು ಎದ್ದು ಹೋಗುತ್ತಿದ್ದರು. ಅಪ್ಪ ಇಲ್ಲದ ಮನೆಯಲ್ಲಿ ಅವರೇ ಹಿರಿಯರು. ಪರದೆಯ ಆಚೆ ಡಾಕ್ಟರು ತಗ್ಗಿದ ದನಿಯಲ್ಲಿ ಮಾತಾಡುವುದು ಕೇಳುತ್ತಿತ್ತು, ಏನೆಂದು ಮಾತ್ರ ತಿಳಿಯುತ್ತಿರಲಿಲ್ಲ. ಡಾಕ್ಟರು ಒಳಗೆ ಬಂದಾಗಲೂ ಭಾವನನ್ನೇ ಕೇಳುತ್ತಿದ್ದರು: ಊಟ ಸೇರುತ್ತಾ ಇವರಿಗೆ? ನಿದ್ದೆ ಮಾಡ್ತಾರಾ? ಭಾವ ನನ್ನ ಮುಖ ನೋಡುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ, ಭಾವ "ಊ ಸಾ" ಎನ್ನುತ್ತಿದ್ದರು. ಬೆನ್ನಿಗೆ ಆಪರೇಷನ್ ಮಾಡಲು ಒಪ್ಪಿಗೆಯ ಸಹಿಯನ್ನೂ ಅವರೇ ಹಾಕಿದರು. ನನ್ನ ಬಲಗೈ ಚೆನ್ನಾಗಿಯೇ ಇತ್ತು. ಪಿಯುಸಿವರೆಗೆ ಓದಿದವನು, ಸಹಿ ಕೂಡ ಅಂದವಾಗಿಯೇ ಹಾಕುತ್ತೇನೆ.

ಭಾವ ಕೆ.ಆರ್. ನಗರದ ಕಡೆಯ ಗದ್ದೆ ಬೇಸಾಯದವರು. ಇಸ್ಪೀಟಿನಲ್ಲಿ ಒಳ್ಳೆಯ ಎಲೆ ಬಂದರೆ ಮೂರು ಮನೆ ಆಚೆಗೆ ಗೊತ್ತಾಗುವ ಮುಖ ಅವರದು. ಪರದೆಯ ಆಚೆಯಿಂದ ಬಂದು ನೇರವಾಗಿ ನನ್ನ ಕಾಲಿನ ಉಗುರು ನೋಡುತ್ತಾ ನಿಲ್ಲುತ್ತಿದ್ದರು.

"ಏನಂತೆ ಭಾವ?"

"ಊತ ಅದೆ ಅಂತೆ ಕಣಪ್ಪ ಬೆನ್ನೊಳ್ಗೆ. ಊತ ಇಳುದ್ರೆ ಎಲ್ಲಾ ಸರ್ಯಾಗೋಯ್ತದೆ. ದೀಪಾವಳಿಗೆಲ್ಲ ನಡ್ಕಂಡು ಬತ್ತೀಯ ಬುಡು ನಮ್ಮೂರ್ಗೆ."

ನಾನು ನಂಬಿದೆ. ನಂಬದೆ ಬೇರೆ ಏನು ಮಾಡಲಿ? ನಂಬಿದ ಮೇಲೆ ಮನಸ್ಸಿಗೆ ಹಾಯಾಯಿತು, ಮಾತ್ರೆಯ ಮಂಪರಿನಲ್ಲಿ ಮತ್ತೆ ಹಿನ್ನೀರಿನ ಬಯಲಿಗೆ ಹೋದೆ.

ಮನೆಗೆ ಕರೆತಂದು ಪಡಸಾಲೆಯಲ್ಲಿ ಮಂಚ ಹಾಕಿದರು. ತಲೆಯ ಮೇಲೆ ಹೆಂಚುಗಳ ನಡುವೆ ಒಂದು ಗಾಜಿನ ಹೆಂಚಿತ್ತು. ಬೆಳಗ್ಗೆ ಅದರಿಂದ ಇಳಿದ ಬಿಸಿಲಿನ ತುಂಡು ಗೋಡೆಯ ಮೇಲಿರುತ್ತಿತ್ತು. ಊಟದ ಹೊತ್ತಿಗೆ ನೆಲಕ್ಕೆ ಇಳಿದು, ಮಂಚದ ಕಾಲು ಹತ್ತಿ, ಸಂಜೆಯ ಮುಂಚೆ ನನ್ನ ಪಾದದ ಮೇಲೆ ಕೂರುತ್ತಿತ್ತು. ಅಲ್ಲಿ ಬಿಸಿಲು ಕಾಣುತ್ತಿತ್ತು, ಕಾವು ತಿಳಿಯುತ್ತಿರಲಿಲ್ಲ. ನನ್ನ ಕಾಲುಗಳು ದೂರದ ನೆಂಟರ ಹಾಗೆ ಬಂದು ಮಂಚದ ತುದಿಯಲ್ಲಿ ಮಲಗಿದ್ದವು. ಊರಿನ ಬ್ಯಾರನ್ನುಗಳಿಂದ ಸೊಪ್ಪು ಬೇಯುವ ಸಿಹಿಘಾಟು ಗಾಳಿಯಲ್ಲಿ ಬರುತ್ತಿತ್ತು. ಹಗಲೂ ಕನಸೂ ಬೇರೆಬೇರೆ ಅನ್ನಿಸದೆ ದಿನಗಳು ಹೋದವು.

ನೋಡಿಕೊಂಡು ಹೋಗಲು ಜನ ಬರುತ್ತಿದ್ದರು. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಯಾರೂ ಬರುವುದಿಲ್ಲ, ಬನ್ನು, ಬಿಸ್ಕತ್ತು, ಮೂಸಂಬಿ ತರುತ್ತಾರೆ. ಅವ್ವ ಅವರನ್ನು ಜಗುಲಿಯಲ್ಲೇ ಹಿಡಿದು ನಿಲ್ಲಿಸಿ ಏನೋ ಹೇಳಿ ಒಳಗೆ ಬಿಡುತ್ತಿದ್ದಳು. ಅವಳು ಏನು ಹೇಳುತ್ತಿದ್ದಳೆಂದು ಆಗ ಯೋಚಿಸಲಿಲ್ಲ. ಬಂದವರು ಮಳೆ, ಸೊಪ್ಪಿನ ರೇಟು, ಯಾರದೋ ಮದುವೆ, ಆನೆ ಯಾರ ರಾಗಿ ತಿಂದು ಹೋಯಿತು, ಎಲ್ಲವನ್ನೂ ಮಾತಾಡುತ್ತಿದ್ದರು. ಕಾಲಿನ ಸುದ್ದಿ ಬಂದರೆ ಕಾಫಿ ಲೋಟದೊಳಗೆ ನೋಡುತ್ತಿದ್ದರು. ಹೊರಡುವಾಗ ಮಾತ್ರ ಎಲ್ಲರೂ ಬಾಯಿಪಾಠ ಮಾಡಿಕೊಂಡು ಬಂದಂತೆ ಒಂದೇ ಮಾತು: "ವಸಿ ದಿಸ ತಡ್ಕೊ. ಎದ್ದು ಓಡಾಡ್ತೀಯ."

ದೀಪಾವಳಿ ಬಂತು, ಹೋಯಿತು. ಸಂಕ್ರಾಂತಿಗೆ ಎಂದರು. ಹೊಲದಲ್ಲಿ ರಾಗಿ ಕೊಯ್ದರು, ಮೆದೆ ಹಾಕಿದರು, ಸಂಕ್ರಾಂತಿಯೂ ಆಯಿತು. ಯುಗಾದಿಗೆ ಎಂದರು. ನಾನು ಕಾಲಿನ ಹೆಬ್ಬೆರಳನ್ನೇ ದಿಟ್ಟಿಸಿ ನೋಡುತ್ತಾ ಅಲುಗು, ಅಲುಗು ಎನ್ನುತ್ತಿದ್ದೆ. ಒಮ್ಮೊಮ್ಮೆ ಅಲುಗಿದಂತೆ ಕಾಣುತ್ತಿತ್ತು. ಅವ್ವನನ್ನು ಕರೆದು ತೋರಿಸಿದರೆ ಅವಳು "ಊ ಕಣ್ಲಾ, ಅಲುಗ್ತು" ಎಂದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಇದರ ನಡುವೆ ಒಬ್ಬ ಹೆಂಗಸು ಬಂದಿದ್ದರು. ಪಂಚಾಯ್ತಿಯ ಕಡೆಯಿಂದ ಅಂಗವಿಕಲರ ಮನೆಮನೆಗೆ ಹೋಗಿ ವಿಚಾರಿಸುವ ಕೆಲಸ ಅವರದು. ಅವರಿಗೂ ಒಂದು ಕಾಲು ಪೋಲಿಯೋದಿಂದ ಸಣ್ಣಗಾಗಿತ್ತು. ಹಿಂದೆ ಎರಡು ಚಕ್ರ ಸೇರಿಸಿದ ಸ್ಕೂಟರಿನಲ್ಲಿ ಬಂದು, ಗೋಡೆ ಹಿಡಿದು ಒಳಗೆ ನಡೆದು, ನನ್ನ ಎದುರು ಕೂತು, ಗಾಲಿಕುರ್ಚಿಗೆ ಬರೆಸಲಾ ಎಂದು ಕೇಳಿದರು. ನನಗೆ ಸಿಟ್ಟು ಬಂತು. ನನ್ನನ್ನು ಈ ಹೆಂಗಸು ಯಾವ ಗುಂಪಿಗೆ ಸೇರಿಸುತ್ತಿದ್ದಾಳೆ ಅನ್ನಿಸಿತು.

"ನಂಗ್ಯಾಕಮ್ಮ ಅದು? ಯುಗಾದಿಗೆ ನಡೀತೀನಿ ನಾನು. ಬೇಕಾದೋರ್ಗೆ ಕೊಡಿ."

ಅವರು ಅವ್ವನ ಕಡೆ ತಿರುಗಿದರು. ಅವ್ವ ಬಾಗಿಲ ಸಂದಿಯಲ್ಲಿ ನಿಂತು ಕೈ ಮುಗಿದಿದ್ದಳು. ಹಾಗೆ ಕೈ ಮುಗಿದದ್ದು ಮರ್ಯಾದೆಗೆ ಎಂದು ನಾನು ತಿಳಿದೆ. ಆ ಹೆಂಗಸಿನ ಮುಖ ಕೆಂಪಗಾಯಿತು. ಹಿತ್ತಲಲ್ಲಿ ನನ್ನ ಹೆಂಡತಿಯನ್ನು ಅವರು ಬಯ್ಯುವುದು ಗೋಡೆಯ ಆಚೆಯಿಂದ ಕೇಳಿಸಿತು. "ಡಾಕ್ಟ್ರು ಯೋಳ್ಬೇಕಾದ ಮಾತ್ನ ನಾನು ಯೋಳಕಾಗಕಿಲ್ಲ. ಆದ್ರೆ ನೀವು ಮಾಡ್ತಿರೋದು ಸರಿ ಇಲ್ಲ ಕಣವ್ವ" ಎಂದರು. ಸ್ಕೂಟರ್ ಸ್ಟಾರ್ಟ್ ಆಗಿ ಹೋಯಿತು. ಯಾವ ಮಾತು ಎಂದು ಕೇಳಿದರೆ ಹೆಂಡತಿ "ಪೆನ್ಷನ್ ವಿಷ್ಯ" ಎಂದಳು. ನಾನು ಗೋಡೆಯ ಕಡೆ ಮುಖ ತಿರುಗಿಸಿ ನಿದ್ದೆಗೆ ಇಳಿದೆ.

ಆ ತಿಂಗಳುಗಳಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಕಾಯುವುದು. ಕೂರುವುದನ್ನು ಕಲಿಯಲಿಲ್ಲ. ಎದ್ದು ನಿಲ್ಲುವವನಿಗೆ ಕೂರುವ ಪಾಠ ಯಾಕೆ? ಆಗಾಗ ಮಗ್ಗುಲು ಬದಲಿಸಬೇಕು ಎಂದು ಹೆಂಡತಿ ಹೊರಳಿಸಲು ಬಂದರೆ ರೇಗುತ್ತಿದ್ದೆ. ಮೂತ್ರದ ಪೈಪು ಮತ್ತು ಚೀಲ ನಾಲ್ಕು ದಿನದ ನೆಂಟ ಎಂದುಕೊಂಡು ಅದರ ಕಡೆ ಕಣ್ಣೂ ಹಾಯಿಸಲಿಲ್ಲ. ಬೆನ್ನಿನ ಕೆಳಗೆ ಹುಣ್ಣಾಯಿತು. ನನಗೆ ನೋವು ತಿಳಿಯದು, ವಾಸನೆ ಮಾತ್ರ ಬರುತ್ತಿತ್ತು. ಹೆಂಡತಿ ಮೂಗು ಮುಚ್ಚದೆ ಅದನ್ನು ತೊಳೆಯುತ್ತಿದ್ದಳು. ಆಸ್ಪತ್ರೆಗೆ ಹೋಗಲೇಬೇಕಾಯಿತು.

ಅವತ್ತು ನನ್ನನ್ನು ಹಲಗೆಯ ಮೇಲೆ ಮಲಗಿಸಿ, ನಾಲ್ಕು ಜನ ಹೊತ್ತರು. ಹೊಸ್ತಿಲು ಎತ್ತರದ್ದು, ಹಳೆಯ ಹೊನ್ನೆ ಮರದ್ದು. ಅದನ್ನು ದಾಟಿಸಲು ಹಲಗೆಯನ್ನು ಹೆಗಲಿಗೆ ಏರಿಸಿ, ಕಾಲು ಮುಂದಾಗಿ ಹೊರಗೆ ತಂದರು. ಬೀದಿಯಲ್ಲಿ ಎದುರು ಮನೆಯ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿತು. ಯಾರೋ ಮಕ್ಕಳನ್ನು ಒಳಗೆ ಎಳೆದುಕೊಂಡರು. ನಮ್ಮ ಊರಲ್ಲಿ ಮನುಷ್ಯರು ಹಾಗೆ ಮನೆಯಿಂದ ಹೊರಗೆ ಬರುವುದು ಒಂದೇ ಸಲ. ನನಗೆ ಆಕಾಶ ಕಂಡು ಖುಷಿಯಾಗಿತ್ತು, ಎಷ್ಟು ಕಾಲವಾಗಿತ್ತು ಆಕಾಶ ನೋಡಿ. ತಿರುಗಿ ನೋಡಿದರೆ ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಆಸ್ಪತ್ರೆಯಲ್ಲಿ ಮತ್ತೆ ಪರದೆ, ಮತ್ತೆ ಭಾವ, ಮತ್ತೆ ನನ್ನ ಕಾಲಿನ ಉಗುರು. ಹುಣ್ಣಿಗೆ ಔಷಧಿ ಕಟ್ಟಿ, ತೋರಿಸಲು ಮತ್ತೆ ಬರಬೇಕು ಎಂದು ಕಳಿಸಿದರು.

ಆಮೇಲೊಂದು ಮಧ್ಯಾಹ್ನ. ನಾನು ಹಿನ್ನೀರಿನ ಬಯಲಲ್ಲಿದ್ದೆ. ಮುಳುಗಿದ್ದ ಮರದ ಬೊಡ್ಡೆಯನ್ನು ಯಾರೋ ಗರಗಸ ಹಾಕಿ ಕುಯ್ಯುತ್ತಿದ್ದರು. ಬೇಡ, ನೀರು ಮತ್ತೆ ಬರುತ್ತದೆ, ಬಿಡಿ ಎನ್ನುತ್ತಿದ್ದೆ. ಕುಯ್ಯುವ ಸದ್ದು ನಿಲ್ಲಲಿಲ್ಲ. ಕಣ್ಣು ಬಿಟ್ಟರೆ ಸದ್ದು ಪಡಸಾಲೆಗೇ ಬಂದಿತ್ತು. ಬಾಗಿಲಲ್ಲಿ ಬಡಗಿಯೊಬ್ಬ ಮಂಡಿಯೂರಿ ಕೂತಿದ್ದ. ಅವನ ಪಕ್ಕದಲ್ಲಿ ಅವ್ವ ಕೂತು ಮರದ ಪುಡಿಯನ್ನು ಕೈಯಲ್ಲಿ ಒಟ್ಟುಮಾಡಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು, ಯಾರೂ ಅದನ್ನು ತುಳಿಯಬಾರದಲ್ಲ. ಮತ್ತೆ ನಿದ್ದೆ ಬಂತು. ಇನ್ನೊಮ್ಮೆ ಎದ್ದಾಗ ಬಡಗಿ ಇರಲಿಲ್ಲ. ಬೀದಿಯ ಬೆಳಕು ಎಲ್ಲೂ ಮುರಿಯದೆ ನೇರವಾಗಿ ನೆಲದ ಮೇಲೆ ಹರಿದು ನನ್ನ ಮಂಚದವರೆಗೆ ಬಂದಿತ್ತು. ಹೊಸ್ತಿಲು ಇರಲಿಲ್ಲ.

ನೋಡಿ, ನಮ್ಮ ಮನೆಗಳಲ್ಲಿ ಹೊಸ್ತಿಲು ಎಂದರೆ ಬರೀ ಮರವಲ್ಲ. ಅವ್ವ ಮದುವೆಯಾಗಿ ಬಂದ ದಿನದಿಂದ ಬೆಳಗ್ಗೆ ಬಾಯಿಗೆ ನೀರು ಹಾಕುವ ಮುಂಚೆ ಅದನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟವಳು. ಅದರ ಮೇಲೆ ನಿಂತರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಅದರ ಮೇಲೆ ಕೂತು ಸೀನಿದ್ದಕ್ಕೆ ನಾನು ಹೊಡೆತ ತಿಂದಿದ್ದೇನೆ. ಆ ಅವ್ವ ಗರಗಸ ತರಿಸಿ ಕುಯ್ಯಿಸಿದ್ದಳು.

"ಯಾಕವ್ವ?" ಎಂದೆ.

"ಗೆದ್ಲು ಇಡ್ದಿತ್ತು ಕಣ್ಲಾ" ಎಂದಳು. ಮುಖ ತೋರಿಸಲಿಲ್ಲ.

ಹೊನ್ನೆ ಮರಕ್ಕೆ ಎಲ್ಲಿಯ ಗೆದ್ದಲು? ಮೂಲೆಯಲ್ಲಿ ಹೊಸ ಗಾಲಿಕುರ್ಚಿ ನಿಂತಿತ್ತು. ಪಂಚಾಯ್ತಿಯ ಆ ಹೆಂಗಸು ನನ್ನ ಸಿಟ್ಟಿನ ಮಾತು ಕಿವಿಗೆ ಹಾಕಿಕೊಳ್ಳದೆ ಅರ್ಜಿ ಬರೆಸಿ ಕಳಿಸಿದ್ದರು. "ಆಸ್ಪತ್ರೆಗೆ ಓಗಿ ಬರೋಗಂಟ ಅಷ್ಟೆ" ಎಂದಳು ಹೆಂಡತಿ. ನಾನು ಕುರ್ಚಿಯನ್ನು ನೋಡಿದೆ, ಬರಿದಾದ ಬಾಗಿಲನ್ನು ನೋಡಿದೆ. ಆಸ್ಪತ್ರೆಗೆ ಹೋಗಿ ಬರುವಷ್ಟಕ್ಕಾದರೆ ಹೊಸ್ತಿಲ ಮೇಲೆ ಒಂದು ಹಲಗೆ ಇಟ್ಟಿದ್ದರೆ ಸಾಕಿತ್ತು. ಯುಗಾದಿಗೆ ನಡೆಯುವ ಮಗನಿಗಾಗಿ ನನ್ನ ಅವ್ವ ಹೊಸ್ತಿಲು ಕುಯ್ಯಿಸುವವಳಲ್ಲ. ಮಗನನ್ನು ಇನ್ನೊಮ್ಮೆ ಹೆಗಲ ಮೇಲೆ ಹೊತ್ತು ದಾಟಿಸುವುದನ್ನು ನೋಡಲಾರದೆ, ಇನ್ನು ಯಾವತ್ತಿಗೂ ನೋಡಬಾರದೆಂದು ಕುಯ್ಯಿಸಿದ್ದಳು. ನಾಲಿಗೆಯಲ್ಲಿ ಅವಳು ಇಷ್ಟು ಕಾಲ ಕಾಪಾಡಿದ್ದ ಸುಳ್ಳನ್ನು ಕೈಯಾರೆ ತಾನೇ ಒಡೆದುಹಾಕಿದ್ದಳು. ಅದು ಅವಳಿಗೇ ತಿಳಿದಿರಲಿಲ್ಲ.

ಭಯವಾಯಿತು. ಆಮೇಲೆ ಸಿಟ್ಟು ಬಂತು, ಸೊಂಟದ ಮೇಲೆ ಉಳಿದಿದ್ದ ಮೈಯೆಲ್ಲ ನಡುಗುವಷ್ಟು ಸಿಟ್ಟು. ಬನ್ನು ತಂದವರಿಗೆ ಗೊತ್ತಿತ್ತು. ಎದುರು ಮನೆಯ ಅಜ್ಜಿಗೆ ಗೊತ್ತಿತ್ತು. ಬಡಗಿಗೂ ಗೊತ್ತಿತ್ತು. ಊರಿಗೆಲ್ಲ ಗೊತ್ತಿದ್ದ ನನ್ನ ಬೆನ್ನಿನ ಸುದ್ದಿ ನನಗೊಬ್ಬನಿಗೆ ಗೊತ್ತಿರಲಿಲ್ಲ. ಅವರನ್ನು ಕೇಳಬಹುದಿತ್ತು. ಕೇಳಿದರೆ ಮತ್ತೊಂದು ಹಬ್ಬದ ಹೆಸರು ಹೇಳುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಅದೇ ಕಷ್ಟ. ನನಗೆ ಬೇಕಾಗಿದ್ದದ್ದು ನನ್ನ ಮೈಯ ಸತ್ಯ, ಅದು ಗೊತ್ತಿದ್ದವರ ಬಾಯಿಂದ, ನನ್ನ ಮುಖಕ್ಕೆ. ಹಾಗಾಗಿ ಸುಮ್ಮನಿದ್ದೆ. ಮುಂದಿನ ಸಲ ಆಸ್ಪತ್ರೆಗೆ ಹೋಗುವ ದಿನ ಎದುರು ನೋಡುತ್ತಾ ಮಲಗಿದೆ. ಆ ದಿನಗಳಲ್ಲಿ ಕನಸೇ ಬೀಳಲಿಲ್ಲ.

ಕುರ್ಚಿಯಲ್ಲಿ ಕೂತು ಬಾಗಿಲು ದಾಟಿದೆ. ಮೈಸೂರಿನಲ್ಲಿ ಅದೇ ಉದ್ದನೆಯ ವರಾಂಡ, ಅದೇ ಫಿನಾಯಿಲ್ ವಾಸನೆ, ಅದೇ ಕೂಗು. "ಪೇಷೆಂಟ್ ಕಡೆಯವರು ಯಾರು?"

ಭಾವ ಪಂಚೆ ಸರಿಮಾಡಿಕೊಂಡು ಎದ್ದರು. ನಾನು ಅವರ ಕೈ ಹಿಡಿದೆ.

"ನೀವು ಕೂತ್ಕೊಳಿ ಭಾವ. ನನ್ನ ಕಡೆಯವನು ನಾನೇ."

ಹೆಂಡತಿ ಕುರ್ಚಿ ತಳ್ಳಿ ಒಳಗೆ ಬಿಟ್ಟಳು. ಡಾಕ್ಟರು ತಲೆಯೆತ್ತಿ ನನ್ನ ಹಿಂದೆ ಯಾರಾದರೂ ಗಂಡಸರು ಇದ್ದಾರಾ ಎಂದು ನೋಡಿದರು. ಕೆಟ್ಟವರಲ್ಲ ಅವರು, ನಿದ್ದೆಗೆಟ್ಟ ಕಣ್ಣಿನ ಮನುಷ್ಯ.

"ಸಾರ್, ನಾನು ನಡೀತೀನಾ?" ಎಂದೆ.

"ನಿಮ್ಮ ಭಾವ ಬಂದಿಲ್ವಾ?"

"ಬಂದವ್ರೆ. ಬೆನ್ನು ಅವ್ರದಲ್ಲ ಸಾರ್, ನಂದು."

ಅವರು ಪೆನ್ನು ಕೆಳಗಿಟ್ಟರು. "ಮನೆಯವರು ಕೈ ಮುಗಿದು ಬೇಡ ಅಂದಿದ್ರು. ನಿಮ್ಮ ಧೈರ್ಯ ಕೆಡುತ್ತೆ ಅಂತ. ನಾವೂ ಸಾಮಾನ್ಯವಾಗಿ ಹಾಗೇ ಮಾಡ್ತೀವಿ" ಎಂದರು.

"ಧೈರ್ಯ ಇದೆಯೋ ಇಲ್ವೋ ನನ್ನ ಕೇಳಿದ್ರಾ ಸಾರ್? ನಿಜ ಗೊತ್ತಿದ್ರೆ ಈ ಹುಣ್ಣು ಆಗಕ್ಕೆ ಬುಡ್ತಿದ್ನಾ ನಾನು?"

ದನಿ ಏರಿತ್ತು. ಹೊರಗಿನ ಬೆಂಚಿನವರು ಬಗ್ಗಿ ನೋಡಿದರು. ಡಾಕ್ಟರು ಎದ್ದು ಬಂದು, ಒಂದು ಸ್ಟೂಲು ಎಳೆದು ನನ್ನ ಎದುರಿಗೆ, ನನ್ನ ಕಣ್ಣಿನ ಮಟ್ಟಕ್ಕೆ ಕೂತರು. ಇಷ್ಟು ಕಾಲ ನಾನು ಅವರ ಗದ್ದದ ಕೆಳಭಾಗವನ್ನೇ ನೋಡಿದ್ದೆ.

"ಇಲ್ಲ," ಎಂದರು. "ನೀವು ನಡೆಯೋದಿಲ್ಲ. ಬಿದ್ದ ದಿನವೇ ಬೆನ್ನುಹುರಿ ಪೂರ್ತಿ ಹೋಗಿತ್ತು. ಮೊದಲೇ ನಿಮಗೇ ಹೇಳಬೇಕಿತ್ತು. ತಪ್ಪಾಯ್ತು."

ಸೂರು ಕಳಚಿ ಬೀಳುತ್ತದೆ ಎಂದುಕೊಂಡಿದ್ದೆ. ಫ್ಯಾನು ತಿರುಗುತ್ತಲೇ ಇತ್ತು. ಇನ್ನು ಕೆಳಗೆ ಬೀಳುವುದಕ್ಕೆ ಏನೂ ಇರಲಿಲ್ಲ. ಅವರು ನಿಧಾನವಾಗಿ ಎಲ್ಲವನ್ನೂ ಹೇಳಿದರು. ಹುಣ್ಣು ವಾಸಿಯಾಗುತ್ತದೆ, ಮಗ್ಗುಲು ಬದಲಿಸುವುದನ್ನು ಬದುಕಿರುವವರೆಗೂ ಮರೆಯುವಂತಿಲ್ಲ. ತೋಳಿಗೆ ಬಲ ಬರಿಸಿದರೆ ಮಂಚದಿಂದ ಕುರ್ಚಿಗೆ ನಾನೇ ದಾಟಬಹುದು. ಸದಾ ನೇತಾಡುವ ಈ ಪೈಪು ತೆಗೆದು, ಹೊತ್ತು ಹೊತ್ತಿಗೆ ಸಣ್ಣ ಕೊಳವೆ ಹಾಕಿ ಮೂತ್ರ ತೆಗೆಯುವುದನ್ನು ನಾನೇ ಕಲಿಯಬಹುದು. ಅದಕ್ಕೆ ಶ್ರದ್ಧೆ ಬೇಕು. ಇದ್ದ ಪೈಪೇ ಇರಲಿ ಎಂದರೆ ಅದೂ ಆಗಬಹುದು, ಸೋಂಕು ಹೆಚ್ಚು.

"ನಿಮಗೆ ಯಾವುದು ಬೇಕು?" ಎಂದು ಕೇಳಿದರು.

ಬಿದ್ದ ಮೇಲೆ ನನ್ನ ಮೈಯ ಬಗ್ಗೆ ಡಾಕ್ಟರು ನನ್ನನ್ನೇ ಕೇಳಿದ ಮೊದಲ ಪ್ರಶ್ನೆ ಅದು. ಕಲೀತೀನಿ ಸಾರ್ ಎಂದೆ. ಹಿಂದೆ ನಿಂತಿದ್ದ ಹೆಂಡತಿಯ ಕೈ ನನ್ನ ಭುಜದ ಮೇಲೆ ಬಿತ್ತು. ಅದು ಒದ್ದೆಯಾಗಿತ್ತು.

ಈಗ ಅದೆಲ್ಲ ಕಲಿತು ಕೆಲವು ವರ್ಷಗಳಾಗಿವೆ. ಕುರ್ಚಿಯಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ. ಕೋಟೆ, ಕೊಪ್ಪದಂಥ ಸುತ್ತಲಿನ ಊರುಗಳಿಂದ ನನಗೆ ಫೋನು ಬರುತ್ತದೆ. ಮರದಿಂದಲೋ ಬೈಕಿನಿಂದಲೋ ಬಿದ್ದವರ ಮನೆಯವರು. ಬಂದು ಧೈರ್ಯ ಹೇಳಿ ಎನ್ನುತ್ತಾರೆ, ಕೊನೆಗೆ ದನಿ ತಗ್ಗಿಸಿ, ಆದ್ರೆ ಅವನಿಗೇನೂ ಗೊತ್ತಿಲ್ಲ ಎನ್ನುತ್ತಾರೆ. ನಾನಾಗಿಯೇ ಹೇಳುವುದಿಲ್ಲ, ಅವನು ಕೇಳಿದರೆ ಸುಳ್ಳು ಹೇಳುವುದಿಲ್ಲ, ಒಪ್ಪಿಗೆಯಿದ್ದರೆ ಬರುತ್ತೇನೆ ಎನ್ನುತ್ತೇನೆ. ಕೆಲವರು ಫೋನು ಇಟ್ಟುಬಿಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಳಗೆ ಮಲಗಿ ಹೆಬ್ಬೆರಳು ನೋಡುತ್ತಿರುವವನನ್ನು ನೆನೆದರೆ ಮಾತ್ರ ಸಂಕಟವಾಗುತ್ತದೆ.

ಅವತ್ತು ಆಸ್ಪತ್ರೆಯಿಂದ ವಾಪಸು ಬರುವಾಗ ಕಾರಿನಲ್ಲಿ ಭಾವ ನನ್ನ ಪಕ್ಕ ಕೂತರು. ಬಿಳಿಕೆರೆ ಬರುವವರೆಗೆ ಕಿಟಕಿಯ ಆಚೆಯೇ ನೋಡುತ್ತಿದ್ದರು. "ಬೈಬ್ಯಾಡ ಕಣಪ್ಪ ನನ್ನ. ನಿನ್ನ ಮೊಕ ನೋಡ್ಕಂಡು ಸುಳ್ಳು ಯೋಳಿ ಯೋಳಿ ನಂಗೆ ಮುದ್ದೆ ಗಂಟ್ಲಲ್ಲಿ ಇಳೀತಿರ್ನಿಲ್ಲ" ಎಂದರು. ನಾನು ಬೈಯಲಿಲ್ಲ. ಹುಣಸೂರು ಮುಟ್ಟುವ ಮುಂಚೆ ನನ್ನ ಹೆಗಲಿಗೆ ತಲೆ ಒರಗಿಸಿ ಗೊರಕೆ ಹೊಡೆಯತೊಡಗಿದರು. ಹೊರಗೆ ಉತ್ತು ಬಿಟ್ಟ ಕೆಂಪು ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು. ನಾನು ಎಚ್ಚರವಾಗಿದ್ದೆ, ಬಹಳ ಕಾಲದ ಮೇಲೆ ಪೂರ್ತಿ ಎಚ್ಚರವಾಗಿದ್ದೆ.

ಮನೆಯಲ್ಲಿ ಅವ್ವ ಜಗುಲಿಯ ಮೇಲೆ ಕಾಯುತ್ತಿದ್ದಳು. ನಾವು ಇಳಿಯುವ ಮುಂಚೆಯೇ ನಗುಮುಖ ಮಾಡಿಕೊಂಡು, "ಏನಂದ್ರಂತೆ ಡಾಕ್ಟ್ರು? ಊತ ಇಳೀತಂತಾ?" ಎಂದಳು. ಭಾವನನ್ನು ಕೇಳಿದಳು. ಭಾವ ಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದರು.

"ಅವ್ವ, ನಂಗೇ ಯೋಳುದ್ರು," ಎಂದೆ. "ನಡ್ಯಕ್ಕಾಗಕಿಲ್ಲವಂತೆ. ಎಲ್ಲಾ ಗೊತ್ತಾಯ್ತು ಕಣವ್ವ."

ಅವಳ ಮುಖದಲ್ಲಿ ನಗು ಹಾಗೇ ಸ್ವಲ್ಪ ಹೊತ್ತು ನಿಂತಿತ್ತು, ಎಲ್ಲಿಗೆ ಹೋಗಬೇಕು ಎಂದು ತಿಳಿಯದೆ. ನನ್ನನ್ನು ನೋಡಿದಳು, ನನ್ನ ಹೆಂಡತಿಯನ್ನು ನೋಡಿದಳು. ನನ್ನ ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು. ಎರಡು ಕೈಯಲ್ಲೂ ನನ್ನ ಪಾದ ಹಿಡಿದುಕೊಂಡಳು. ಅವಳು ಇಷ್ಟು ಕಾಲ ದಿನಾ ಕೊಟ್ಟಿಗೆಗೆ ಹೋಗಿ, ದನದ ಕೊರಳಿಗೆ ಮುಖ ಒತ್ತಿ, ಸದ್ದು ಹೊರಗೆ ಬಾರದ ಹಾಗೆ ಅತ್ತು ಬರುತ್ತಿದ್ದಳೆಂದು ಹೆಂಡತಿ ನನಗೆ ಹೇಳಿದ್ದು ಆಮೇಲೆ. ಆಗ ನನಗೆ ಅದೇನೂ ಗೊತ್ತಿರಲಿಲ್ಲ. ಅವ್ವ ತಲೆಯೆತ್ತಿ, ಚಿಕ್ಕ ಮಗು ದೊಡ್ಡವರ ಅಪ್ಪಣೆ ಕೇಳುವ ದನಿಯಲ್ಲಿ ಕೇಳಿದಳು:

"ಅಂಗಾರೆ ಇನ್ಮ್ಯಾಕೆ ನಿನ್ನ ಮುಂದೇನೇ ಅಳ್ಬೌದೇನ್ಲಾ, ಮಗ?"